ಗಂಧದೆಣ್ಣೆಯ ರಸಾಯನ: ಒಂದು ಸಮೀಕ್ಷೆ

ಜಯನಗರ, ಬನಶಂಕರಿಗಳ ಗ್ರಂಥಿಗೆ ಅಂಗಡಿಗಳಲ್ಲಿ ಶ್ರೀಗಂಧದೆಣ್ಣೆಯ ಕಿರುಸೀಸೆಯನ್ನು ಕೊಳ್ಳುವ ಗೃಹಸ್ಥನು ಮುಂಗೈಗೆ ಒಂದು ಹನಿ ತಿಕ್ಕಿ ಮೂಸಿನೋಡುವ ಪರೀಕ್ಷೆಗೂ, ಪ್ರಯೋಗಶಾಲೆಯು ಅದೇ ಹನಿಯನ್ನು ಹತ್ತಾರು ಘಟಕಗಳಾಗಿ ಬಿಡಿಸಿಡುವ ಪರೀಕ್ಷೆಗೂ ಉದ್ದೇಶವೊಂದೇ: ಎಣ್ಣೆಯು ನಿಜವಾದುದೇ ಎಂಬುದನ್ನು ಅರಿಯುವುದು. ಸುಗಂಧತೈಲಗಳ ರಸಾಯನವನ್ನು ಶುದ್ಧ ಜಿಜ್ಞಾಸೆಯು ಬೆಳೆಸಿತೆಂದು ಭಾವಿಸುವುದು ಹಿತವೆನಿಸಿದರೂ, ನಮ್ಮ ನಾಡಿನ ಮಟ್ಟಿಗೆ ಅದನ್ನು ಮುನ್ನಡೆಸಿದುದು ವ್ಯಾಪಾರದ ಅಗತ್ಯ ಮತ್ತು ಸಂಶಯ.

ಟೀಪೂ ಸುಲ್ತಾನನು 1792ರಲ್ಲಿ ರಾಜವೃಕ್ಷವೆಂದು ಸಾರಿದ ಶ್ರೀಗಂಧದ ಮರವು ಬಹುಕಾಲ ಕೊರಡಾಗಿಯೇ ಸಮುದ್ರ ದಾಟಿ, ಜರ್ಮನಿಯಲ್ಲಿ ಬಟ್ಟಿಯಿಳಿದು ತೈಲವಾಗುತ್ತಿದ್ದಿತು. 1914ರ ಮಹಾಯುದ್ಧವು ಆ ಮಾರ್ಗವನ್ನು ಮುಚ್ಚಿ, ಗಂಧದ ಕೋಠಿಗಳಲ್ಲಿ ಕೊರಡುಗಳು ರಾಶಿಬಿದ್ದಾಗ, ದಿವಾನ್ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ, ಕೈಗಾರಿಕಾ ನಿರ್ದೇಶಕ ಆಲ್‌ಫ್ರೆಡ್ ಚಾಟರ್ಟನ್ನರ ಆಸಕ್ತಿಯಿಂದಲೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೊ, ವಾಟ್ಸನ್ ಇವರ ಪ್ರಯೋಗಗಳಿಂದಲೂ, 1916ರಲ್ಲಿ ಇಲ್ಲಿಯೇ ತೈಲೋತ್ಪಾದನೆ ಮೊದಲಾಯಿತು. ಮರುವರ್ಷ ಮೈಸೂರಿನ ಕಾರ್ಖಾನೆಯೂ ಹುಟ್ಟಿತು. ಯೂರೋಪಿನ ಔಷಧಕೋಶಗಳಲ್ಲಿ ಮೂತ್ರಮಾರ್ಗದ ರೋಗಗಳಿಗೆ ಈ ಎಣ್ಣೆಗೆ ಸ್ಥಾನವಿದ್ದುದರಿಂದ ಶುದ್ಧತೆಯ ಪ್ರಮಾಣವು ಕೇವಲ ಶೋಭೆಯ ಮಾತಾಗಿರಲಿಲ್ಲ.

ಆ ಪ್ರಮಾಣವಾದರೋ ಒಂದೇ ಸಂಖ್ಯೆಯಲ್ಲಿ ನಿಂತಿತ್ತು: ಎಣ್ಣೆಯ ಮುಖ್ಯ ಘಟಕವಾದ ಸ್ಯಾಂಟಲಾಲ್ ಎಂದು ಲೆಕ್ಕಹಾಕಿದ ಆಲ್ಕೊಹಾಲು ನೂರಕ್ಕೆ 90ಕ್ಕಿಂತ ಕಡಿಮೆಯಾಗಬಾರದು. ಅಸಿಟಿಕ್ ಅನ್‌ಹೈಡ್ರೈಡಿನೊಡನೆ ಕುದಿಸಿ ಅಳೆಯುವ ಈ ವಿಧಾನಕ್ಕೆ ಆಲ್ಕೊಹಾಲುಗಳ ನಡುವಣ ಭೇದ ಕಾಣದು. ಎಲ್ಲವೂ ಅದಕ್ಕೆ ಸ್ಯಾಂಟಲಾಲೇ. ಜರ್ಮನಿಯ ಸೆಮ್ಲರ್ ಮೊದಲಾದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಫಾ ಸ್ಯಾಂಟಲಾಲಿನ ರಚನೆಯನ್ನು ಬಿಡಿಸತೊಡಗಿದರು. 1940ರ ದಶಕದಲ್ಲಿ ನಮ್ಮ ವಿಜ್ಞಾನ ಸಂಸ್ಥೆಯಲ್ಲಿಯೇ ಪಿ. ಸಿ. ಗುಹಾ, ಎಸ್. ಸಿ. ಭಟ್ಟಾಚಾರ್ಯ ಇವರು ಇದರ ಸಂಶ್ಲೇಷಣೆಯ ದಾರಿಗಳನ್ನು ಶೋಧಿಸಿದರು. ಆದರೂ ಮಿಶ್ರಣದ ಪೂರ್ಣಚಿತ್ರವು ದೊರಕಿದುದು 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ವಾಯು–ದ್ರವ ವರ್ಣರೇಖನವು, ಮುಂದೆ ದ್ರವ್ಯರಾಶಿ ರೋಹಿತಮಾಪಕದೊಡನೆ ಕೂಡಿಕೊಂಡ ಮೇಲೆಯೇ. ತೊಂಬತ್ತರ ಒಳಗೆ ಅಡಗಿದ್ದ ಬರ್ಗಮೊಟಾಲ್, ಲ್ಯಾನ್ಸಿಯೊಲ್, ನ್ಯೂಸಿಫೆರಾಲ್ ಮೊದಲಾದವು ಬೇರೆಬೇರೆಯಾದವು. 2002ರ ಅಂತರರಾಷ್ಟ್ರೀಯ ಮಾನಕವು ಸ್ಯಾಂಟಲಾಲಿನ ಆಲ್ಫಾ ರೂಪವನ್ನು 41ರಿಂದ 55, ಬೀಟಾ ರೂಪವನ್ನು 16ರಿಂದ 24 ಪ್ರತಿಶತವೆಂದು ಪ್ರತ್ಯೇಕವಾಗಿ ವಿಧಿಸಿತು. ಹಳೆಯ ಒಂದು ಸಂಖ್ಯೆಗಿಂತ ಈ ಎರಡು ಸಂಖ್ಯೆಗಳು ಕಳ್ಳಬೆರಕೆಗೆ ಹೆಚ್ಚು ಅಡ್ಡಿಯಾದವೆಂಬುದು ನನ್ನ ಎಣಿಕೆ.

ಬೆರಕೆಯ ಮಾತು ಬಂದಲ್ಲಿ ಆಫ್ರಿಕೆಯು ಪ್ರವೇಶಿಸುತ್ತದೆ. ಕೀನ್ಯಾ, ಟಾಂಜಾನಿಯಾಗಳಲ್ಲಿ ಬೆಳೆಯುವ ಓಸಿರಿಸ್ ಲ್ಯಾನ್ಸಿಯೊಲೇಟ ಎಂಬ ಮರವನ್ನು ಪೂರ್ವಾಫ್ರಿಕದ ಗಂಧವೆಂದು ಕಡಿದು ಸಾಗಿಸಿದುದರ ಫಲವಾಗಿ, ಆ ಪ್ರದೇಶದ ಮರಗಳು 2013ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಬೇಕಾಯಿತು. ಇದೇ ಖಂಡದ ದಕ್ಷಿಣ ತುದಿಯಿಂದ ಬಂದ ಜೆರೇನಿಯಂ ಸಹ ಬೆಂಗಳೂರಿನ ಸುತ್ತ ಸುಗಂಧತೈಲದ ಬೆಳೆಯಾಯಿತು. ಸಿಟ್ರೊನೆಲ್ಲಾಲ್, ಜೆರಾನಿಯಾಲ್ ಅದರ ಎಲ್ಲ ತಳಿಗಳ ಎಣ್ಣೆಯಲ್ಲಿಯೂ ಪ್ರಧಾನವಾದರೂ, ಗ್ವಾಯಡಯೀನ್ ಇದ್ದರೆ ರಿಯೂನಿಯನ್ ಬಗೆಯದು, ಎಪಿಗಾಮಾ ಯೂಡೆಸ್ಮಾಲ್ ಇದ್ದರೆ ಈಜಿಪ್ಟ್ ಬಗೆಯದು ಎಂದು ಪರೀಕ್ಷಕನು ಗುರುತಿಸುವನು.

ಶ್ರೀಗಂಧದ ಮರವು ಎಣ್ಣೆಯನ್ನು ಕಟ್ಟುವ ಬಗೆಯೂ ಈಚೆಗೆ ತಿಳಿದುಬಂದಿದೆ: ಫಾರ್ನೆಸೈಲ್ ಡೈಫಾಸ್ಫೇಟನ್ನು ಸ್ಯಾಂಟಲೀನಾಗಿ ಮಾರ್ಪಡಿಸುವ ಕಿಣ್ವವು 2011ರಲ್ಲಿಯೂ, ಅದಕ್ಕೆ ಆಮ್ಲಜನಕವನ್ನು ಸೇರಿಸಿ ಸ್ಯಾಂಟಲಾಲಾಗಿಸುವ ಕಿಣ್ವಗಳು 2013ರಲ್ಲಿಯೂ ಪ್ರಕಟವಾದವು. ಆದರೆ ಎಣ್ಣೆ ಕಟ್ಟಲು ಮರಕ್ಕೆ ಕಾಲ ಬೇಕು: ಅರಣ್ಯ ಕಾಯಿದೆಯ 2001ರ ತಿದ್ದುಪಡಿಯಿಂದ ಕರ್ನಾಟಕದ ರೈತನು ತನ್ನ ಭೂಮಿಯ ಗಂಧಕ್ಕೆ ಒಡೆಯನಾದನಾದರೂ, ಸಾಲದ ಒತ್ತಡವೂ ಕಳ್ಳರ ಭಯವೂ ಮರವನ್ನು ಎಳೆಯದಾಗಿಯೇ ಕಡಿಸುತ್ತಿವೆ. ತಿರುಳು ವಯಸ್ಸಿನೊಡನೆ ಬೆಳೆದು ಎಣ್ಣೆಯೂ ವಯಸ್ಸಿನೊಡನೆ ಹೆಚ್ಚುವುದರಿಂದ, ಎಳೆಯ ಮರದ ಎಣ್ಣೆಯು ಮಾನಕವನ್ನು ಮುಟ್ಟುವುದೇ ಎಂಬುದನ್ನು ತೋಟದಿಂದ ತೋಟಕ್ಕೆ ಪರಿಶೀಲಿಸುವುದು ಈ ರಸಾಯನದ ಮುಂದಿನ ಕೆಲಸವಾಗಿದೆ.