ಗೇರ್ ಟೈಟ್ ಆಗುತ್ತಿದೆಯೇ? ಕೈಬಲ ಹಾಕುವ ಮೊದಲು ಕ್ಲಚ್ ನೋಡಿ

ಹೊಸದಾಗಿ ಲೈಸೆನ್ಸ್ ಪಡೆದವರು ಹೆಚ್ಚಾಗಿ ಹೇಳುವ ದೂರು ಒಂದಿದೆ: ‘ಗೇರ್ ಭಾರೀ ಟೈಟ್, ಬೀಳುವುದೇ ಇಲ್ಲ.’ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಗಾಬರಿಯಲ್ಲಿ ಲಿವರನ್ನು ಬಲವಾಗಿ ನೂಕಿಬಿಡುತ್ತಾರೆ. ಗೇರ್‌ಬಾಕ್ಸ್‌ನ ಆಯುಷ್ಯ ಕಡಿಮೆಯಾಗುವುದು ಹೀಗೆಯೇ. ಸರಿಯಾಗಿರುವ ಕಾರಿನಲ್ಲಿ ಗೇರ್ ಹಾಕಲು ತೋಳಿನ ಬಲ ಬೇಕಾಗಿಲ್ಲ. ಬಲ ಬೇಕಾಗುತ್ತಿದೆ ಎಂದರೆ ಚಾಲಕನ ಅಭ್ಯಾಸದಲ್ಲೋ ಕಾರಿನಲ್ಲೋ ಏನೋ ತಪ್ಪಿದೆ ಎಂದರ್ಥ.

ಒಳಗೆ ಆಗುವುದೇನು?

ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಪೆಡಲ್ ಪೂರ್ತಿ ತುಳಿದಾಗ ಆ ಪ್ಲೇಟ್ ಬಿಡುಗಡೆಯಾಗಿ ಎಂಜಿನ್‌ನ ಸಂಪರ್ಕ ತಪ್ಪುತ್ತದೆ. ಈಗಿನ ಕಾರುಗಳಲ್ಲಿ ಮುಂದಿನ ಗೇರ್‌ಗಳೆಲ್ಲ ಹಲ್ಲಿಗೆ ಹಲ್ಲು ಸೇರಿಕೊಂಡೇ ತಿರುಗುತ್ತಿರುತ್ತವೆ. ಲಿವರ್ ಮಾಡುವುದು ಅವುಗಳಲ್ಲಿ ಒಂದನ್ನು ಶಾಫ್ಟ್‌ಗೆ ಜೋಡಿಸುವ ಕೆಲಸ ಮಾತ್ರ. ಆದರೆ ಆ ಗೇರಿನ ವೇಗ ಬೇರೆ, ಶಾಫ್ಟಿನ ವೇಗ ಬೇರೆ. ಎರಡನ್ನೂ ಸಮ ಮಾಡಲು ‘ಸಿಂಕ್ರೊನೈಸರ್’ ಎಂಬ ರಿಂಗ್ ಇದೆ. ಅದು ಪುಟ್ಟ ಬ್ರೇಕಿನಂತೆ ಉಜ್ಜಿ ವೇಗ ಹೊಂದಿಸುತ್ತದೆ, ನಂತರವೇ ಗೇರ್ ಒಳಗೆ ಹೋಗುತ್ತದೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಈ ವ್ಯವಸ್ಥೆ ಬಂತು. ಅದಕ್ಕಿಂತ ಹಿಂದೆ ಒಂದು ಗೇರ್ ಬದಲಿಸಲು ಎರಡೆರಡು ಸಲ ಕ್ಲಚ್ ತುಳಿಯಬೇಕಾಗುತ್ತಿತ್ತು.

ಈ ರಿಂಗ್‌ಗೆ ತನ್ನ ಕೆಲಸ ಮುಗಿಸಲು ಕ್ಷಣಕಾಲ ಬೇಕು. ಕ್ಲಚ್ ಅರ್ಧ ಮಾತ್ರ ತುಳಿದಿದ್ದರೆ ಎಂಜಿನ್ ಇನ್ನೂ ಗೇರನ್ನು ತಿರುಗಿಸುತ್ತಲೇ ಇರುತ್ತದೆ. ಪಾಪದ ರಿಂಗ್ ಎಂಜಿನ್ ಜೊತೆ ಸೆಣಸಬೇಕಾಗುತ್ತದೆ. ಕೈಗೆ ‘ಟೈಟ್’ ಎಂದು ಗೊತ್ತಾಗುವುದು ಇದೇ ಸೆಣಸಾಟ. ಬಲ ಹಾಕಿದಷ್ಟೂ ರಿಂಗ್ ಸವೆಯುತ್ತದೆ.

ಮೊದಲು ಅಭ್ಯಾಸ ಸರಿಪಡಿಸಿ

ಸೀಟ್ ತುಂಬಾ ಹಿಂದಿದ್ದರೆ ಕಾಲು ಪೆಡಲ್‌ನ ಕೊನೆಯವರೆಗೆ ತಲುಪುವುದಿಲ್ಲ. ಕ್ಲಚ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಂತೆ ಸೀಟ್ ಹೊಂದಿಸಬೇಕು. ಇನ್ನೊಂದು, ಯಾರೂ ಗಮನಿಸದ ವಿಷಯ ಮ್ಯಾಟ್. ಮಳೆಗಾಲದಲ್ಲಿ ಮ್ಯಾಟ್ ಮೇಲೆ ಮತ್ತೊಂದು ಮ್ಯಾಟ್ ಹಾಕುವವರಿದ್ದಾರೆ. ಅದು ಜಾರಿ ಪೆಡಲ್ ಅಡಿಗೆ ಹೋದರೆ ಕ್ಲಚ್ ಅರ್ಧಕ್ಕೇ ನಿಲ್ಲುತ್ತದೆ. ಬ್ರೇಕ್ ಅಡಿಗೆ ಹೋದರೆ ಜೀವಕ್ಕೇ ಅಪಾಯ.

ಲಿವರ್ ತಾನಾಗಿ ಮಧ್ಯಕ್ಕೆ, ಅಂದರೆ 3 ಮತ್ತು 4ನೇ ಗೇರ್‌ನ ಸಾಲಿಗೆ ಬರುವಂತೆ ಒಳಗೆ ಸ್ಪ್ರಿಂಗ್ ಇರುತ್ತದೆ. 1 ಮತ್ತು 2ಕ್ಕೆ ಅಂಗೈಯಿಂದ ಎಡಕ್ಕೆ ಒತ್ತಿ ಹಾಕಬೇಕು. 2ರಿಂದ 3ಕ್ಕೆ ಹೋಗುವಾಗ ಹಿಡಿತ ಸಡಿಲ ಬಿಟ್ಟು ನೇರ ಮುಂದಕ್ಕೆ ತಳ್ಳಿದರೆ ಸಾಕು. ಬಲಕ್ಕೆ ಎಳೆದರೆ 5ಕ್ಕೆ ಹೋಗುತ್ತದೆ, ಇಲ್ಲವೇ ನಡುವೆ ಸಿಕ್ಕಿಬೀಳುತ್ತದೆ.

ಗಲ್ಫ್‌ನಿಂದ ರಜೆಯಲ್ಲಿ ಬಂದವರಿಗೆ ಇಲ್ಲಿ ಇನ್ನೂ ಗೊಂದಲ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಗೈಗೆ. ಅಲ್ಲಿ ಫಸ್ಟ್ ಗೇರ್‌ಗೆ ಲಿವರನ್ನು ತಮ್ಮ ಕಡೆಗೆ ಎಳೆದು ಅಭ್ಯಾಸವಾದವರು ಊರಿನಲ್ಲಿ ಎಡಗೈಯಿಂದ ತಮ್ಮಿಂದ ಆಚೆಗೆ ಒತ್ತಬೇಕು. ಅಲ್ಲಿ ಆಟೋಮ್ಯಾಟಿಕ್ ಓಡಿಸುವವರಿಗಂತೂ ಕ್ಲಚ್ಚೇ ಮರೆತಿರುತ್ತದೆ. ನೇರ ಹೈವೇಗೆ ಇಳಿಯದೆ ಒಂದೆರಡು ದಿನ ಖಾಲಿ ಮೈದಾನದಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಕಾರು ನಿಂತಿರುವಾಗ ಫಸ್ಟ್ ಅಥವಾ ರಿವರ್ಸ್ ಬೀಳದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿದೆ ಎಂದರ್ಥ. ಹಾಗಾದಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಒಮ್ಮೆ ಬಿಟ್ಟು ಮತ್ತೆ ತುಳಿದರೆ ಸಾಮಾನ್ಯವಾಗಿ ಬೀಳುತ್ತದೆ. ಎಷ್ಟೋ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊನೈಸರ್ ಇರುವುದಿಲ್ಲ. ‘ಎಚ್’ ಟೆಸ್ಟ್‌ಗೆ ತಯಾರಾಗುವವರು ಕಾರು ಪೂರ್ತಿ ನಿಂತ ಮೇಲೆಯೇ ರಿವರ್ಸ್ ಹಾಕಬೇಕು. ಓಡುವ ಕಾರಿನಲ್ಲಿ ಫಸ್ಟ್‌ಗೆ ಇಳಿಸುವುದು ಯಾವ ಕಾರಿನಲ್ಲೂ ಟೈಟ್. ಅದು ದೋಷವಲ್ಲ, ವೇಗ ಇನ್ನೂ ಹೆಚ್ಚಿದೆ ಎಂಬ ಎಚ್ಚರಿಕೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್ ಹಾಕಿರಬೇಕು, ಕಾರಿನ ಹಿಂದೆ ಮುಂದೆ ಯಾರೂ ಇರಬಾರದು. ಎಂಜಿನ್ ಆಫ್ ಇರುವಾಗ ಕ್ಲಚ್ ತುಳಿದು ಎಲ್ಲ ಗೇರ್ ಹಾಕಿ ನೋಡಬೇಕು. ಮತ್ತೆ ಬ್ರೇಕ್ ತುಳಿದೇ ಎಂಜಿನ್ ಸ್ಟಾರ್ಟ್ ಮಾಡಿ ಅದೇ ರೀತಿ ನೋಡಬೇಕು.

ಆಫ್ ಇರುವಾಗ ಸಲೀಸು, ಸ್ಟಾರ್ಟ್ ಆದ ಮೇಲೆ ಟೈಟ್ ಎಂದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎರಡೂ ಸಲ ಟೈಟ್ ಇದ್ದರೆ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್, ಲಿಂಕೇಜ್ ಅಥವಾ ಒಳಭಾಗದ ಸಮಸ್ಯೆ ಇರಬಹುದು. ಓಡಿಸುವಾಗ ಒಂದೇ ಒಂದು ಗೇರ್‌ಗೆ ಕರಕರ ಸದ್ದು ಬಂದರೆ ಆ ಗೇರಿನ ಸಿಂಕ್ರೊನೈಸರ್ ಸವೆದಿರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ತಣ್ಣಗಿರುವಾಗ ಟೈಟ್ ಇದ್ದು ಸ್ವಲ್ಪ ದೂರ ಓಡಿದ ಮೇಲೆ ಸಡಿಲವಾದರೆ ಗೇರ್ ಆಯಿಲ್ ಕಡೆ ಗಮನ ಕೊಡಬೇಕು. ಅದು ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡಿನದ್ದೇ ಆಗಿರಬೇಕು.

ಕ್ಲಚ್ ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗೇರ್ ಬೀಳುತ್ತಿದ್ದರೆ, ಹೈಡ್ರಾಲಿಕ್ ಕ್ಲಚ್ ಇರುವ ಕಾರಿನಲ್ಲಿ ಫ್ಲೂಯಿಡ್ ಕಡಿಮೆಯಾಗಿದೆ ಅಥವಾ ಪೈಪಿನೊಳಗೆ ಗಾಳಿ ಸೇರಿದೆ. ಕೇಬಲ್ ಕ್ಲಚ್ ಆದರೆ ಕೇಬಲ್ ಸಡಿಲವಾಗಿರಬಹುದು. ಅದಕ್ಕೆ ಬೇಕಾದದ್ದು ಅಡ್ಜಸ್ಟ್‌ಮೆಂಟ್ ಅಷ್ಟೆ.

ಖರ್ಚಿನ ಲೆಕ್ಕ ಇಲ್ಲಿದೆ. ಮ್ಯಾಟ್ ತೆಗೆಯಲು ದುಡ್ಡು ಬೇಡ. ಕೇಬಲ್, ಫ್ಲೂಯಿಡ್, ಆಯಿಲ್ ಸಣ್ಣ ಖರ್ಚು. ಕ್ಲಚ್ ಸೆಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಸಿಂಕ್ರೊನೈಸರ್‌ಗೆ ಗೇರ್‌ಬಾಕ್ಸನ್ನೇ ಬಿಚ್ಚಬೇಕು. ಆದ್ದರಿಂದ ಗ್ಯಾರೇಜಿನಲ್ಲಿ ಈ ಪರೀಕ್ಷೆಯ ಫಲ ಹೇಳಿ, ಚಿಕ್ಕದರಿಂದ ಶುರು ಮಾಡಲು ಕೇಳಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಅಡ್ವಾನ್ಸ್ ಕೊಡುವ ಮೊದಲು ಇದೇ ಪರೀಕ್ಷೆ ಮಾಡಬೇಕು.

ನಿಂತ ಕಾರಿನ ತೊಂದರೆ

ಯಜಮಾನರು ಗಲ್ಫ್‌ನಲ್ಲಿ, ಕಾರು ಶೆಡ್‌ನಲ್ಲಿ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಕಥೆ ಇದು. ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ ಅಂಟಿಕೊಳ್ಳುವುದುಂಟು. ಆಗ ಕ್ಲಚ್ ತುಳಿದಿದ್ದರೂ, ಗೇರ್‌ನಲ್ಲಿಟ್ಟು ಸ್ಟಾರ್ಟ್ ಮಾಡಿದರೆ ಕಾರು ಮುಂದಕ್ಕೆ ಜಿಗಿಯುತ್ತದೆ. ಅಂಗಳದಲ್ಲಿ ಮಕ್ಕಳಿರುವ ಮನೆಯಲ್ಲಿ ಇದು ದೊಡ್ಡ ಅಪಾಯ. ಇಂಥ ಕಾರನ್ನು ಮೊದಲು ಮೆಕ್ಯಾನಿಕ್‌ಗೆ ತೋರಿಸಬೇಕು. ಮನೆಯಲ್ಲಿ ಲೈಸೆನ್ಸ್ ಇರುವವರು ವಾರಕ್ಕೊಮ್ಮೆ ಸ್ವಲ್ಪ ದೂರ ಓಡಿಸುತ್ತಿದ್ದರೆ ಈ ತೊಂದರೆ ಬರುವುದು ಅಪರೂಪ.

ಘಾಟಿ ಹತ್ತುವ ಮೊದಲು

ಊರೊಳಗೆ ಗೇರ್ ಬೀಳದಿದ್ದರೆ ನಾಲ್ಕು ಹಾರ್ನ್ ಕೇಳಿಸಿಕೊಂಡರೆ ಆಯಿತು. ಸಂಪಾಜೆ, ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಹಾಗಲ್ಲ. ಇಳಿಜಾರಿನಲ್ಲಿ 3ರಿಂದ ತೆಗೆದ ಗೇರ್ 2ಕ್ಕೆ ಬೀಳದೆ ನ್ಯೂಟ್ರಲ್‌ನಲ್ಲಿ ಉಳಿದರೆ ಎಂಜಿನ್‌ನ ಹಿಡಿತ ಹೋಗಿ, ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಬಿಡದೆ ತುಳಿದ ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ ಕೆಳಗಿನ ಗೇರ್ ಹಾಕಿಕೊಳ್ಳಬೇಕು. ಹತ್ತುವಾಗ ಬೇಕಾದ ಗೇರೇ ಇಳಿಯುವಾಗಲೂ ಇರಲಿ ಎಂಬ ಹಳೇ ಡ್ರೈವರ್‌ಗಳ ಮಾತು ಇಂದಿಗೂ ಸರಿ.

ಕೊನೆಯದಾಗಿ ಎರಡು ಮಾತು. ಓಡಿಸುವಾಗ ಕೈಯನ್ನು ಲಿವರ್ ಮೇಲೆ, ಕಾಲನ್ನು ಕ್ಲಚ್ ಮೇಲೆ ಇಟ್ಟುಕೊಳ್ಳಬಾರದು. ಕೈಯ ಭಾರಕ್ಕೆ ಗೇರ್ ಫೋರ್ಕ್, ಕಾಲಿನ ಭಾರಕ್ಕೆ ರಿಲೀಸ್ ಬೇರಿಂಗ್ ಸವೆಯುತ್ತದೆ. ಮತ್ತೆ, ಗೇರ್ ಟೈಟ್ ಇರುವ ಕಾರಿನಲ್ಲಿ ಕುಟುಂಬವನ್ನು ಕೂರಿಸಿಕೊಂಡು ಘಾಟಿ ಹತ್ತಬಾರದು. ಮೊದಲು ರಿಪೇರಿ, ಆಮೇಲೆ ಪ್ರಯಾಣ.