ಋತು ತಪ್ಪಿ ಹುಟ್ಟಿದ ಹಬ್ಬದ ಕಥೆಗಳು: ಡಿಕನ್ಸನ ಕ್ರಿಸ್ಮಸ್ ಪುಸ್ತಕಗಳ ಕಾಲವಿಚಾರ

ಆಂಗ್ಲ ಕಾದಂಬರೀಕಾರರಲ್ಲಿ ಅಗ್ರಗಣ್ಯನಾದ ಚಾರ್ಲ್ಸ್ ಡಿಕನ್ಸನು ೧೮೪೩ರಿಂದ ೧೮೪೮ರೊಳಗೆ ಐದು ಕ್ರಿಸ್ಮಸ್ ಪುಸ್ತಕಗಳನ್ನು ಪ್ರಕಟಿಸಿದನು. ಅವುಗಳಲ್ಲಿ ನಾಲ್ಕನೆಯದಾದ ‘ದಿ ಬ್ಯಾಟಲ್ ಆಫ್ ಲೈಫ್’ ಎಂಬುದೊಂದಕ್ಕೆ ಮಾತ್ರ ‘ಪ್ರೇಮಕಥೆ’ ಎಂಬ ಉಪನಾಮವನ್ನು ಗ್ರಂಥಕರ್ತನೇ ಇಟ್ಟಿರುವನು. ಐದರಲ್ಲಿ ಇದನ್ನೇ ಅತ್ಯಂತ ದುರ್ಬಲವಾದುದೆಂದು ವಿಮರ್ಶಕರು ಸಾಮಾನ್ಯವಾಗಿ ಎಣಿಸುತ್ತಾರೆ. ಹಬ್ಬದ ಕಥೆಯನ್ನು ಹಬ್ಬವಿಲ್ಲದ ಕಾಲದಲ್ಲಿ, ಅದರಲ್ಲಿಯೂ ಪರದೇಶದಲ್ಲಿ ಕುಳಿತು ಬರೆದುದರ ಫಲವಿದು ಎಂಬ ಸಮಾಧಾನವು ಸುಲಭವಾಗಿ ನಾಲಗೆಗೆ ಬರುವಂಥದು. ಆ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಇಲ್ಲಿ ತೇದಿಗಳ ಸಹಾಯದಿಂದ ಪರೀಕ್ಷಿಸಬೇಕೆಂದಿದ್ದೇವೆ.

ಡಿಸೆಂಬರಿನ ಮೂರನೆಯ ವಾರದಲ್ಲಿ ಅಂಗಡಿಗೆ ಬರಬೇಕಾದ ಪುಸ್ತಕವು ಡಿಸೆಂಬರಿನಲ್ಲಿ ಹುಟ್ಟಲಾರದು. ಮೊಳೆ ಜೋಡಿಸುವವರಿಗೂ, ಚಿತ್ರದ ಅಚ್ಚನ್ನು ಕೊರೆಯುವವರಿಗೂ, ರಟ್ಟು ಕಟ್ಟುವವರಿಗೂ ಸಾಕಷ್ಟು ದಿನಗಳು ಬೇಕು. ಎಲ್ಲಕ್ಕಿಂತ ಪ್ರಸಿದ್ಧವಾದ ‘ಎ ಕ್ರಿಸ್ಮಸ್ ಕ್ಯಾರಲ್’ ಕೂಡ ೧೮೪೩ರ ಅಕ್ಟೋಬರಿನಲ್ಲಿ ಆರಂಭವಾಗಿ ಸುಮಾರು ಆರು ವಾರಗಳಲ್ಲಿ ಮುಗಿದು, ಡಿಸೆಂಬರ್ ೧೯ರಂದು ಹೊರಬಿದ್ದಿತು. ಬೆಲೆ ಐದು ಷಿಲಿಂಗು. ಮೊದಲು ಮುದ್ರಿಸಿದ ೬೦೦೦ ಪ್ರತಿಗಳು ಹಬ್ಬದ ಮುನ್ನಾದಿನದೊಳಗೆ ಮಾರಿಹೋದುವು. ಇದರ ಹಿಮವೂ ಹೊಗೆಮಂಜೂ ಕರ್ತೃವಿನ ಕಿಟಕಿಯ ಹೊರಗೆ ಇದ್ದವೆಂದೇನೂ ಅಲ್ಲ. ನಮ್ಮವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ದಂಡಿಯು ಮಹಾಕಾವ್ಯಕ್ಕೆ ಋತುವರ್ಣನೆಯನ್ನು ಅಂಗವೆಂದು ವಿಧಿಸಿದ ಬಳಿಕ, ಕವಿಗಳೆಲ್ಲರೂ ಮಾವು ಚಿಗುರುವವರೆಗೆ ಕಂಠವನ್ನು ಕೆಳಗಿಟ್ಟು ಕಾದಿದ್ದರೆಂದು ಯಾರು ತಾನೆ ನಂಬುವರು? ‘ರತ್ನಾವಳಿ’ಯು ವಸಂತೋತ್ಸವದಲ್ಲಿ ಆಡತಕ್ಕ ನಾಟಕವೆಂದು ಅದರ ಪ್ರಸ್ತಾವನೆಯೇ ಹೇಳುತ್ತದೆ, ಅದು ಯಾವ ಮಾಸದಲ್ಲಿ ರಚಿತವಾಯಿತೆಂಬುದು ಅದರ ಗುಣವಿಚಾರದಲ್ಲಿ ಎಂದೂ ಪ್ರಶ್ನೆಯಾಗಿಲ್ಲ.

ಪರದೇಶವಾಸದ ಮಾತನ್ನು ನೋಡೋಣ. ಎರಡನೆಯ ಪುಸ್ತಕವಾದ ‘ದಿ ಚೈಮ್ಸ್’ ಇಟಲಿಯ ಜಿನೋವಾ ಪಟ್ಟಣದಲ್ಲಿ ಬರೆದುದು. ಕಥೆಯು ನಡೆಯುವುದು ಹೊಸ ವರ್ಷದ ಮುನ್ನಾದಿನದ ಚಳಿಯಲ್ಲಿ, ಲಂಡನ್ನಿನ ಬಡವರ ನಡುವೆ. ಮರುದಿನ ಮದುವೆಯಾಗಬೇಕೆಂದಿರುವ ಬಡ ಪ್ರೇಮಿಗಳ ಭವಿಷ್ಯವೇ ಅಲ್ಲಿ ಪಣಕ್ಕೆ ಬಿದ್ದಿದೆ. ಅದಕ್ಕೆ ಹೆಸರನ್ನು ಒದಗಿಸಿದುದಾದರೋ ಜಿನೋವಾದ ಇಗರ್ಜಿಗಳ ಗಂಟೆಗಳು. ೧೮೪೪ರ ನವೆಂಬರ್ ೩ರಂದು ಬರೆದು ಮುಗಿಸಿದ ಡಿಕನ್ಸನು ಲಂಡನ್ನಿಗೆ ಪ್ರಯಾಣಮಾಡಿ, ಡಿಸೆಂಬರ್ ೩ರಂದು ಮಿತ್ರನಾದ ಜಾನ್ ಫಾರ್ಸ್ಟರನ ಮನೆಯಲ್ಲಿ ಅದನ್ನು ಗೆಳೆಯರಿಗೆ ಓದಿ ಹೇಳಿದನು. ಆ ಸಭೆಯನ್ನು ಚಿತ್ರಕಾರ ಮ್ಯಾಕ್ಲೀಸನು ರೇಖಿಸಿರುವನು. ಜಿನೋವಾದಲ್ಲಿ ಕುಂದದ ಕಥನಶಕ್ತಿಯು ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಕುಂದಿತೆಂದರೆ ಕಾರಣವು ಬೇರೆಲ್ಲಿಯೋ ಇರಬೇಕು.

೧೮೪೬ರ ಜೂನ್ ತಿಂಗಳಲ್ಲಿ ಡಿಕನ್ಸನು ಸಂಸಾರಸಮೇತನಾಗಿ ಲೊಸಾನಿನ ಸರೋವರತೀರಕ್ಕೆ ಬಂದನು. ಅದೇ ತಿಂಗಳ ಕೊನೆಯಲ್ಲಿ ‘ಡಾಂಬೀ ಅಂಡ್ ಸನ್’ ಎಂಬ ದೊಡ್ಡ ಕಾದಂಬರಿಗೆ ಕೈಹಚ್ಚಿದನು. ಮಾಸ ಮಾಸಕ್ಕೂ ಒಂದೊಂದು ಸಂಚಿಕೆಯಾಗಿ ಹೊರಡತಕ್ಕ ಅದರ ಮೊದಲ ಭಾಗವು ಅಕ್ಟೋಬರಿಗೆ ಸಿದ್ಧವಾಗಬೇಕು. ಕ್ರಿಸ್ಮಸ್ ಪುಸ್ತಕವೂ ಅಷ್ಟರಲ್ಲಿಯೇ ರೂಪುಗೊಳ್ಳಬೇಕು. ರಾತ್ರಿ ಅಲೆದಾಡುವುದಕ್ಕೆ ಲಂಡನ್ನಿನ ಬೀದಿಗಳು ಇಲ್ಲವೆಂಬ ಕೊರಗನ್ನು ಅವನು ಫಾರ್ಸ್ಟರನಿಗೆ ಬರೆದ ಕಾಗದಗಳಲ್ಲಿ ತೋಡಿಕೊಂಡಿರುವನು. ಆದರೆ ಇದೇ ಕೊರಗು ಜಿನೋವಾದಲ್ಲಿಯೂ ಇದ್ದಿತು. ಲೊಸಾನಿನಲ್ಲಿ ಹೊಸದಾಗಿ ಕಾಣುವುದು ಎರಡು ಕಥೆಗಳನ್ನು ಒಂದೇ ಕಾಲದಲ್ಲಿ ಆರಂಭಿಸುವ ಸಂಕಟ. ‘ಕ್ಯಾರಲ್’ ಬರೆಯುವಾಗಲೂ ‘ಮಾರ್ಟಿನ್ ಚಜಲ್ವಿಟ್’ ನಡೆಯುತ್ತಲೇ ಇತ್ತಲ್ಲವೇ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ, ಆದರೆ ಆ ಕಾದಂಬರಿಯು ೧೮೪೩ರ ಜನವರಿಯಿಂದಲೇ ನಡೆದು ಬಂದು ದಾರಿ ಹಿಡಿದಿದ್ದಿತು. ಹರಿಯುತ್ತಿರುವ ನೀರಿಗೆ ಕಾಲುವೆ ತೋಡುವುದು ಬೇರೆ, ಎರಡು ಬಾವಿಗಳನ್ನು ಒಂದೇ ದಿನ ಅಗೆಯುವುದು ಬೇರೆ. ಪುಸ್ತಕವನ್ನೇ ಕೈಬಿಡುವ ಯೋಚನೆಯು ಬಂದು, ದೇಹಾಲಸ್ಯದಿಂದ ಜಿನೀವಾಕ್ಕೆ ಹೋಗಿ, ಕೊನೆಗೆ ಅಕ್ಟೋಬರಿನಲ್ಲಿ ಹೇಗೋ ಮುಗಿಸಿದನು. ಮರುವರ್ಷ ‘ಡಾಂಬೀ’ ಇನ್ನೂ ಮುಗಿಯದಿದ್ದುದರಿಂದ ಕ್ರಿಸ್ಮಸ್ ಪುಸ್ತಕವೇ ಹೊರಡಲಿಲ್ಲ. ಐದನೆಯದು ೧೮೪೮ಕ್ಕೆ ಮುಂದೆ ಹೋಯಿತು. ನಮ್ಮ ಊಹೆಗೆ ಇದು ಬಲವಾದ ಸಾಕ್ಷಿ.

ಕಥಾವಸ್ತುವಿನಲ್ಲಿಯೂ ಒಂದು ತೊಡಕುಂಟು. ಗ್ರೇಸ್, ಮೇರಿಯನ್ ಎಂಬ ಅಕ್ಕತಂಗಿಯರಲ್ಲಿ ತಂಗಿಗೆ ಆಲ್ಫ್ರೆಡನೊಡನೆ ವಿವಾಹವು ನಿಶ್ಚಯವಾಗಿರುತ್ತದೆ. ಅಕ್ಕನ ಮನಸ್ಸೂ ಅವನಲ್ಲಿಯೇ ಇರುವುದನ್ನು ಅರಿತ ತಂಗಿಯು, ಅವನು ಹಿಂದಿರುಗುವ ಚಳಿಗಾಲದ ರಾತ್ರಿಯೇ ಮನೆಯಿಂದ ಕಣ್ಮರೆಯಾಗುವಳು. ಬೇರೊಬ್ಬನೊಡನೆ ಓಡಿಹೋದಳೆಂದು ಎಲ್ಲರೂ ಭಾವಿಸುವರು. ಆರು ವರ್ಷಗಳ ಮೇಲೆ ನಿಜವು ಹೊರಬೀಳುವುದು. ಇಂತಹ ತ್ಯಾಗವು ನಂಬಿಕೆಗೆ ಬರಬೇಕಾದರೆ ಹೃದಯದ ಒಳತೋಟಿಯನ್ನು ನಿಧಾನವಾಗಿ ಬಿಡಿಸಬೇಕು. ಪುಟ್ಟ ಪುಸ್ತಕದಲ್ಲಿ ಅದಕ್ಕೆ ಎಡೆಯಿಲ್ಲ. ವಿಸ್ತಾರವಾದ ಗ್ರಂಥಕ್ಕೆ ಈ ವಸ್ತುವನ್ನು ಉಳಿಸಿಕೊಳ್ಳಬಾರದಾಗಿತ್ತೇ ಎಂದು ಡಿಕನ್ಸನೇ ಪರಿತಪಿಸಿದನು. ದೂರದಲ್ಲಿ ಕುಳಿತು ಬರೆದುದರಿಂದ ನಿಜವಾಗಿ ಆದ ಹಾನಿ ನಮಗೆ ಕಾಣುವುದು ಒಂದೇ. ಚಿತ್ರ ಬರೆದ ಜಾನ್ ಲೀಚನೂ ಕಥೆಯ ಮರ್ಮವನ್ನು ತಿಳಿಯದೆ, ಮೇರಿಯನ್ನಳು ಆ ಬೇರೊಬ್ಬನೊಡನೆ ಓಡಿಹೋಗುತ್ತಿರುವಂತೆಯೇ ಚಿತ್ರಿಸಿಬಿಟ್ಟನು. ಅದು ಡಿಕನ್ಸನ ಕಣ್ಣಿಗೆ ಬೀಳುವ ವೇಳೆಗೆ ಕಾಲ ಮೀರಿದ್ದಿತು. ನಾಯಿಕೆಯ ಶೀಲಕ್ಕೆ ಕಳಂಕವನ್ನು ತರುವ ಆ ಚಿತ್ರವನ್ನು, ಲೀಚನ ಮನಸ್ಸು ನೋಯಬಾರದೆಂದು ಅವನು ಹಾಗೆಯೇ ಬಿಟ್ಟನು. ಅದು ಇಂದಿಗೂ ಪುಸ್ತಕದಲ್ಲಿ ಉಳಿದಿದೆ.

ಬರೆದ ಕಾಲಕ್ಕಿಂತ ಓದಿದ ಕಾಲವು ಹೆಚ್ಚು ಬೋಧಪ್ರದವಾದುದೆಂದು ನಮ್ಮ ಅಭಿಪ್ರಾಯ. ಮಿತ್ರನಾದ ಡಗ್ಲಸ್ ಜೆರಾಲ್ಡನು ೧೮೫೭ರ ಜೂನಿನಲ್ಲಿ ತೀರಿಕೊಂಡಾಗ, ಅವನ ಸಂಸಾರದ ನೆರವಿಗಾಗಿ ಡಿಕನ್ಸನು ಅದೇ ತಿಂಗಳ ೩೦ರಂದು ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಹಾಲಿನಲ್ಲಿ ‘ಕ್ಯಾರಲ್’ ಅನ್ನು ಓದಿದನು. ನಡುಬೇಸಗೆಯಲ್ಲಿ ಕ್ರಿಸ್ಮಸ್ ಕಥೆ! ಸ್ವಂತ ಲಾಭಕ್ಕಾಗಿ ಓದುವುದನ್ನು ಮೊದಲುಮಾಡಿದುದು ೧೮೫೮ರ ಏಪ್ರಿಲ್ ೨೯ರಂದು. ಅಂದು ಆರಿಸಿಕೊಂಡುದು ‘ದಿ ಕ್ರಿಕೆಟ್ ಆನ್ ದಿ ಹಾರ್ತ್’ ಎಂಬ ದಾಂಪತ್ಯಪ್ರೇಮದ ಕಥೆ. ಆ ವರ್ಷದ ಆಗಸ್ಟಿನಲ್ಲಿ ಊರೂರು ಸುತ್ತಲು ಹೊರಟಾಗಲೂ ಇವೇ ಕಥೆಗಳು ಜೊತೆಯಲ್ಲಿದ್ದುವು. ೧೮೭೦ರ ಮಾರ್ಚ್ ೧೫ರಂದು ಸೇಂಟ್ ಜೇಮ್ಸ್ ಹಾಲಿನಲ್ಲಿ ಸಾರ್ವಜನಿಕರಿಂದ ಬೀಳ್ಕೊಂಡಾಗ ಅವನ ಕೈಯಲ್ಲಿ ಇದ್ದುದೂ ‘ಕ್ಯಾರಲ್’. ಅದರೊಡನೆ ‘ಪಿಕ್ವಿಕ್’ನ ನ್ಯಾಯಸ್ಥಾನದ ಪ್ರಕರಣವನ್ನೂ ಓದಿದನು. ‘ದಿ ಬ್ಯಾಟಲ್ ಆಫ್ ಲೈಫ್’ ಅನ್ನು ಮಾತ್ರ ಅವನು ಈ ಸಭೆಗಳಲ್ಲಿ ಯಾವ ಋತುವಿನಲ್ಲಿಯೂ ಓದಲಿಲ್ಲ.