ಪುಟ್ಟ ಲಾರಿಯ ಮೇಲಿನ ಧೂಳು

ಹೊಸದನ್ನು ಹೊಸದಾಗಿಯೇ ಇಟ್ಟುಕೊಳ್ಳಬೇಕೆಂಬುದು ಮನುಷ್ಯನಿಗೆ ಸಹಜವಾದ ಆಸೆ. ಹೊಸ ಪಾತ್ರೆಗೆ ಗೀರು ಬಿದ್ದರೆ ಮನೆಯಾಕೆ ನೊಂದುಕೊಳ್ಳುತ್ತಾಳೆ. ಹೊಸ ಸ್ಕೂಟರಿಗೆ ಕೆಸರು ಸಿಡಿದರೆ ಯಜಮಾನನ ಮುಖ ಕಪ್ಪಿಡುತ್ತದೆ. ಹೀಗಿರುವಾಗ, ದುಡ್ಡು ಕೊಟ್ಟು ತಂದ ಪುಟ್ಟ ಲಾರಿಯೊಂದನ್ನು ವಾರಗಟ್ಟಲೆ ಕುಳಿತು ಜೋಡಿಸಿ, ನಯವಾಗಿ ಬಣ್ಣ ಹೊಡೆದು, ಆಮೇಲೆ ತಮ್ಮ ಕೈಯಾರೆ ಅದಕ್ಕೆ ಧೂಳು, ಜಿಡ್ಡು, ತುಕ್ಕು ಹಿಡಿಸುವ ಜನರೂ ಲೋಕದಲ್ಲಿದ್ದಾರೆಂದರೆ ವಾಚಕರಿಗೆ ವಿಚಿತ್ರವೆನಿಸಬಹುದು. ನಾನೂ ಆ ಪಂಗಡಕ್ಕೆ ಸೇರಿದವನು. ಇಂಗ್ಲಿಷಿನವರು ಇದನ್ನು ‘ವೆದರಿಂಗ್’ ಎನ್ನುತ್ತಾರೆ. ನಾವು ಮಾಸಲು ಹಿಡಿಸುವುದು ಎನ್ನಬಹುದು. ಈ ಕೆಲಸಕ್ಕೂ ಒಂದು ಚರಿತ್ರೆಯಿದೆ. ಅಷ್ಟೇ ಅಲ್ಲ, ಚರಿತ್ರೆಯನ್ನು ಓದುವವರಿಗೆಲ್ಲ ಉಪಯೋಗವಾಗುವ ಒಂದು ಪಾಠವೂ ಇದರಲ್ಲಿದೆ.

ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಮಾದರಿಗಳು ಇಂಗ್ಲೆಂಡಿನ ಪೇಟೆಗೆ ಬಂದದ್ದು 1936ರಲ್ಲಿ. ‘ಫ್ರಾಗ್’ ಎಂಬ ಹೆಸರಿನಲ್ಲಿ ಹಾರುವ ಆಟಿಕೆ ವಿಮಾನಗಳನ್ನು ಮಾರುತ್ತಿದ್ದ ಕಂಪನಿಯೇ ಈ ಹಾರದ ವಿಮಾನಗಳನ್ನೂ ಹೊರತಂದು, ಅವಕ್ಕೆ ಹಾರಲಾರದ ಹಕ್ಕಿಯಾದ ಪೆಂಗ್ವಿನ್ನಿನ ಹೆಸರಿಟ್ಟಿತು. ಆದರೆ ಮುಂದೆ ಈ ಹವ್ಯಾಸವನ್ನು ಮನೆಮನೆಗೆ ಮುಟ್ಟಿಸಿದ ಏರ್‌ಫಿಕ್ಸ್ ಕಂಪನಿಯ ಕಥೆ ಶುರುವಾಗುವುದು ವಿಮಾನದಿಂದಲ್ಲ, ಹೊಲ ಉಳುವ ಟ್ರಾಕ್ಟರಿನಿಂದ. ಹಂಗೆರಿಯಿಂದ ಬಂದ ನಿಕೋಲಸ್ ಕೋವ್ ಎಂಬವರು 1939ರಲ್ಲಿ ಸ್ಥಾಪಿಸಿದ ಈ ಕಂಪನಿ ಮೊದಲು ಗಾಳಿ ತುಂಬುವ ರಬ್ಬರಿನ ಆಟಿಕೆಗಳನ್ನೂ ಆಮೇಲೆ ಬಾಚಣಿಗೆಗಳನ್ನೂ ಮಾಡುತ್ತಿತ್ತು. 1940ರ ದಶಕದ ಕೊನೆಯಲ್ಲಿ ಫರ್ಗ್ಯೂಸನ್ ಕಂಪನಿಯವರು, ತಮ್ಮ ಮಾರಾಟಗಾರರು ಗಿರಾಕಿಗಳಿಗೆ ತೋರಿಸುವುದಕ್ಕಾಗಿ ಟ್ರಾಕ್ಟರಿನ ಪುಟ್ಟ ಪ್ರತಿಕೃತಿಯೊಂದು ಬೇಕೆಂದು ಕೇಳಿದರು. ಮಾಡಿದ್ದಾಯಿತು, ಆದರೆ ಜೋಡಿಸುವ ಕೂಲಿಯೇ ದುಬಾರಿಯಾಯಿತು. ಆದ್ದರಿಂದ ಬಿಡಿಭಾಗಗಳನ್ನೇ ಮಾರಿ, ಜೋಡಿಸುವ ಕೆಲಸವನ್ನು ಕೊಂಡವನಿಗೇ ಬಿಟ್ಟರು.

ಅಮೆರಿಕದ ಕಥೆಯೂ ಹೆಚ್ಚುಕಡಿಮೆ ಇದೇ. 1948ರಲ್ಲಿ ಮಿಷಿಗನ್ ಸಂಸ್ಥಾನದಲ್ಲಿ ಹುಟ್ಟಿದ ಎ.ಎಂ.ಟಿ. ಕಂಪನಿ ಹೊಸ ಕಾರುಗಳ ಪುಟ್ಟ ಪ್ರತಿಕೃತಿಗಳನ್ನು ಮಾಡಿ, ಕಾರು ಮಾರುವ ಮಳಿಗೆಗಳಿಗೆ ಒದಗಿಸುತ್ತಿತ್ತು. ಅಳತೆ ಇಪ್ಪತ್ತೈದರಲ್ಲಿ ಒಂದು. ಬಣ್ಣ ಆ ವರ್ಷದ ಕಾರ್ಖಾನೆಯ ಬಣ್ಣವೇ. 1958ರಿಂದ ಅಂಥ ಕಾರುಗಳು ಹುಡುಗರೇ ಜೋಡಿಸಿಕೊಳ್ಳುವ ಕಿಟ್ಟುಗಳಾಗಿ ಹೊರಬಂದವು. ಇದರಿಂದ ತಿಳಿಯುವುದೇನು? ಚಕ್ರವಿರುವ ಈ ಮಾದರಿಗಳು ಜಾಹೀರಾತಿನ ಸಂತಾನ. ಹೊಳೆಯುವುದೇ ಅವುಗಳ ಧರ್ಮ. ಮಾರಾಟಗಾರನ ಮೇಜಿನ ಮೇಲಿರುವ ಟ್ರಾಕ್ಟರಿಗೆ ಮಣ್ಣು ಅಂಟಿರಬಾರದು. ಅಂಟಿದ್ದರೆ ಗಿರಾಕಿಗೆ ಹೊಲದ ದುಡಿಮೆ ನೆನಪಾದೀತು!

ಹಾಗಾದರೆ ಧೂಳು ಎಲ್ಲಿಂದ ಬಂದಿತು? ಮುಖ್ಯವಾಗಿ ಪುಟ್ಟ ರೈಲುಗಳಿಂದ. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಜಾನ್ ಆ್ಯಲನ್ ಎಂಬ ಛಾಯಾಗ್ರಾಹಕರಿದ್ದರು. 1946ರಿಂದ ಮುಂದಕ್ಕೆ ಅವರು ತಮ್ಮ ಮನೆಯಲ್ಲಿ ಎಂಬತ್ತೇಳರಲ್ಲಿ ಒಂದು ಅಳತೆಯ ರೈಲುಮಾರ್ಗವೊಂದನ್ನು ಬೆಟ್ಟ, ಕಣಿವೆ, ಊರುಗಳ ಸಮೇತ ಕಟ್ಟುತ್ತ ಹೋದರು. ಅವರ ಎಂಜಿನುಗಳ ಮೇಲೆ ಮಸಿಯಿತ್ತು. ಹಲಗೆಯ ಗೋಡೆಗಳ ಬಣ್ಣ ಬಿಸಿಲಿಗೆ ಬೆಳ್ಳಗಾಗಿತ್ತು. ಮಳೆನೀರು ಇಳಿದ ಗುರುತು ಇತ್ತು. ಛಾಯಾಗ್ರಾಹಕನ ಕಣ್ಣಿಗೆ, ಥಳಥಳಿಸುವ ವಸ್ತು ಆಟಿಕೆಯೆಂದು ತಾನೇ ಸಾರಿಕೊಳ್ಳುತ್ತದೆ. ಮಾಸಿದ ವಸ್ತು ಮಾತ್ರ ದೊಡ್ಡದಾಗಿ ಕಾಣುತ್ತದೆ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ರೈಲುಲೋಕದ ಬಹುಭಾಗ ಸುಟ್ಟುಹೋಯಿತು. ಉಳಿದದ್ದು ಅವರು ತೆಗೆದ ಚಿತ್ರಗಳು. ಆದರೆ ಆ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡಿದ್ದವರು ಅಷ್ಟು ಹೊತ್ತಿಗೆ ವಿದ್ಯೆಯನ್ನು ಕಲಿತುಕೊಂಡಿದ್ದರು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್, ಆ ಬಳಿಕ ಬೆಲ್ಜಿಯಮ್ಮಿನ ಫ್ರಾನ್ಸ್ವಾ ವರ್ಲಿಂಡನ್ ಮೊದಲಾದವರು ಯುದ್ಧದ ಟ್ಯಾಂಕುಗಳಿಗೆ ಕೆಸರು ಬಳಿಯುವುದನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು.

ಸರಕು ಹೊರುವ ಲಾರಿ ಈ ಎರಡು ದಾರಿಗಳು ಕೂಡುವ ಜಾಗದಲ್ಲಿ ನಿಂತಿದೆ. ಮಾದರಿಯ ಮಟ್ಟಿಗೆ ಅದು ಕಾರಿನ ವಂಶ. ಬದುಕಿನ ಮಟ್ಟಿಗೆ ರೈಲಿನ ವಂಶ. ಎ.ಎಂ.ಟಿ. ಕಂಪನಿ 1970ರ ಸುಮಾರಿಗೆ ಪೀಟರ್‌ಬಿಲ್ಟ್ 359 ಎಂಬ ಲಾರಿಯ ಕಿಟ್ಟನ್ನು ಹೊರತಂದಿತು. ಪೀಟರ್‌ಬಿಲ್ಟ್ ಎಂಬ ಹೆಸರು ಪೀಟರ್‌ಮನ್ ಎಂಬ ಮರದ ವ್ಯಾಪಾರಿಯದು. ತನ್ನ ದಿಮ್ಮಿಗಳನ್ನು ಕಾಡಿನಿಂದ ಸಾಗಿಸುವುದಕ್ಕೆ ತಕ್ಕ ಲಾರಿ ಬೇಕೆಂದು ಆತ 1939ರಲ್ಲಿ ಈ ಕಂಪನಿಯನ್ನು ಹುಟ್ಟುಹಾಕಿದ. ಉದ್ದ ಮೂತಿಯ, ಚೌಕ ಮುಖದ 359 ಲಾರಿ 1967ರಿಂದ 1987ರವರೆಗೆ ತಯಾರಾಯಿತು. ಅದಕ್ಕಿಂತ ಹಳೆಯ ಪೀಟರ್‌ಬಿಲ್ಟ್ ಒಂದನ್ನು ಸ್ಟೀವನ್ ಸ್ಪೀಲ್‌ಬರ್ಗ್ 1971ರ ‘ಡ್ಯುಯೆಲ್’ ಚಿತ್ರದಲ್ಲಿ ಬಳಸಿದರು. ಚಿತ್ರದಲ್ಲಿ ಚಾಲಕನ ಮುಖವೇ ಕಾಣುವುದಿಲ್ಲ. ಲಾರಿಯ ಮೇಲಿನ ಕೊಳೆ, ಎಣ್ಣೆಜಿಡ್ಡು, ಮುಂದೆ ತಗುಲಿಸಿದ ನಾನಾ ಸಂಸ್ಥಾನಗಳ ನಂಬರು ಫಲಕಗಳು, ಇವೇ ಆತನ ಸ್ವಭಾವವನ್ನು ಹೇಳುತ್ತವೆ. ಕೊಳೆ ಮಾತನಾಡಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನನ್ನ ಮೇಜಿನ ಮೇಲೆ ಈಗ ಇರುವುದು ಈ 359 ಲಾರಿಯೇ. ನಿಜವಾದ ಲಾರಿ ಇಪ್ಪತ್ತೈದು ಅಡಿಯಾದರೆ ಇದು ಒಂದು ಅಡಿ. ಮಾಸಲು ಹಿಡಿಸುವ ಕ್ರಮವನ್ನು ಸ್ವಲ್ಪ ಹೇಳುತ್ತೇನೆ. ಬಣ್ಣ ಎದ್ದುಹೋದಂತೆ ಕಾಣಬೇಕಾದ ಕಡೆ ಮೊದಲು ತುಕ್ಕಿನ ಬಣ್ಣ ಹೊಡೆದು, ಅದರ ಮೇಲೆ ಹೆಂಗಸರು ಕೂದಲಿಗೆ ಬಳಸುವ ಹೇರ್‌ಸ್ಪ್ರೇ ಸಿಂಪಡಿಸಿ, ಒಣಗಿದ ಮೇಲೆ ನೀರಿನಲ್ಲಿ ಕಲಸಿದ ಮೇಲ್ಬಣ್ಣ ಕೊಡಬೇಕು. ಅನಂತರ ಒದ್ದೆ ಕುಂಚದಿಂದ ಉಜ್ಜಿದರೆ ನಡುವಿನ ಪದರ ಕರಗಿ ಮೇಲ್ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ತಿಳಿಸಾರಿನಂತೆ ಕಲಸಿ ಬಿಟ್ಟರೆ ಅದು ತಾನಾಗಿ ಸಂದುಗಳಿಗೆ ಹರಿದು ನಿಲ್ಲುತ್ತದೆ. ಬಣ್ಣವನ್ನೆಲ್ಲ ಒರೆಸಿ ತೆಗೆದ ಒಣ ಕುಂಚವನ್ನು ಸವರಿದರೆ ಉಬ್ಬುಗಳು ಮಾತ್ರ ಬೆಳಗುತ್ತವೆ. ಕೊನೆಗೆ ಚಕ್ರಗಳ ಹಿಂದೆ, ಚಾಸಿಯ ಕೆಳಗೆ, ಬಣ್ಣದ ಪುಡಿ. ಮರೆಯಬಾರದ ಲೆಕ್ಕವೊಂದಿದೆ: ಮಾದರಿಯ ಮೇಲೆ ಒಂದು ಮಿಲಿಮೀಟರಿನ ಗಾಯವೆಂದರೆ ನಿಜವಾದ ಲಾರಿಯ ಮೇಲೆ ಇಪ್ಪತ್ತೈದು ಮಿಲಿಮೀಟರು.

ಇಷ್ಟು ಕೈಚಳಕ. ಕಷ್ಟವಿರುವುದು ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬುದರಲ್ಲಿ. ತುಕ್ಕು ಬಿಡಿಸುವುದರಲ್ಲಿ ರುಚಿ ಹತ್ತಿದವನು ಲಾರಿಯ ತುಂಬ ಕೆಂಪು ಬಳಿದುಬಿಡುತ್ತಾನೆ. ಆದರೆ 359 ಲಾರಿಯ ಕ್ಯಾಬಿನ್ನು ಅಲ್ಯುಮಿನಿಯಮ್ಮಿನದು. ಅಲ್ಯುಮಿನಿಯಮ್ಮಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಅದು ಬಣ್ಣ ಕಳೆದುಕೊಂಡರೆ ಬೂದು ಬಿಳುಪಾಗಿ ಮಂಕಾಗುತ್ತದೆ, ಅಷ್ಟೆ. ತುಕ್ಕು ಬರಬೇಕಾದದ್ದು ಉಕ್ಕಿನ ಭಾಗಗಳಿಗೆ. ಡೀಸೆಲ್ ಟ್ಯಾಂಕಿನ ಬಾಯಿಯ ಕೆಳಗೆ ಎಣ್ಣೆ ಇಳಿದ ಗೆರೆ, ಟ್ರೇಲರನ್ನು ಸಿಕ್ಕಿಸುವ ತಟ್ಟೆಯ ಮೇಲೆ ಕರಿಯ ಗ್ರೀಸು, ಕಾಲಿಟ್ಟು ಹತ್ತುವ ಮೆಟ್ಟಿಲಿನ ಅಂಚಿನಲ್ಲಿ ಸವೆತ, ಮುಂಗಾಜಿನ ಮೇಲೆ ವೈಪರು ತಿರುಗಿದಷ್ಟು ಮಾತ್ರ ಶುಭ್ರವಾದ ಎರಡು ಕಮಾನುಗಳು: ಒಂದೊಂದಕ್ಕೂ ಒಂದು ಕಾರಣವಿರಬೇಕು. ಕಾರಣವಿಲ್ಲದ ಕೊಳೆ ಬರಿಯ ಅಲಂಕಾರ.

ಕನ್ನಡ ಪಾಠ ಹೇಳುವ ನನಗೆ ಇದು ಅಪರಿಚಿತವಾದ ವಿದ್ಯೆಯೇನೂ ಅಲ್ಲ. ಶಾಸನದ ಕಲ್ಲಿನಲ್ಲಿ ಅಕ್ಷರ ಮಾಸಿದ್ದರೆ, ಅದು ಮಳೆಗೆ ಕರಗಿದ್ದೋ, ಬಟ್ಟೆ ಒಗೆದು ಸವೆದದ್ದೋ, ಯಾರೋ ಬೇಕೆಂದು ಉಳಿಯಿಂದ ಕೆತ್ತಿ ತೆಗೆದದ್ದೋ ಎಂದು ಕೇಳಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಸವೆತವೂ ಒಂದು ಲಿಪಿ; ಅದನ್ನು ಓದಲು ಬರಬೇಕು, ಇಲ್ಲದ್ದನ್ನು ಬರೆಯಬಾರದು.

ಇನ್ನೂ ಒಂದು ಎಚ್ಚರಿಕೆ ಬೇಕು. ಮಾಸಿದ್ದೆಲ್ಲ ಸತ್ಯ, ಹೊಳೆಯುವುದೆಲ್ಲ ಸುಳ್ಳು ಎಂದುಕೊಂಡರೂ ತಪ್ಪಾದೀತು. ಅಮೆರಿಕದ ಹೆದ್ದಾರಿಗಳಲ್ಲಿ ಸಾಲ ಮಾಡಿ ಸ್ವಂತ ಲಾರಿ ಕೊಂಡು ಓಡಿಸುವ ಚಾಲಕರು ಬಹಳ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ ಡೀಸೆಲ್ಲಿನ ಬೆಲೆ ಏರಿತು. ಆ ಡಿಸೆಂಬರಿನಲ್ಲಿ ಇಂಥ ಚಾಲಕರೇ ಲಾರಿಗಳನ್ನು ಅಡ್ಡ ನಿಲ್ಲಿಸಿ ಹೆದ್ದಾರಿಗಳನ್ನು ಕಟ್ಟಿದರು. ಮರುವರ್ಷದ ಜನವರಿಯಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿಯ ಕಾನೂನು ಬಂದಿತು. ದೂರದ ಮೇಲೆ ಸಂಪಾದನೆ ನಿಂತಿರುವವನಿಗೆ ವೇಗ ಕಡಿಮೆಯಾದರೆ ಅನ್ನವೇ ಕಡಿಮೆಯಾದಂತೆ. ಆದರೂ ಇಂಥವನು ಬಿಡುವಾದಾಗ ಹೊಗೆಕೊಳವೆಯ ಕ್ರೋಮನ್ನು ತಿಕ್ಕಿ ಕನ್ನಡಿ ಮಾಡುತ್ತಾನೆ. ಆ ಹೊಳಪು ಜಾಹೀರಾತಿನದಲ್ಲ; ತನ್ನದೆಂಬ ಅಭಿಮಾನದ್ದು. ಆದ್ದರಿಂದ ನನ್ನ ಲಾರಿಯನ್ನು 1973ರ ಕೊನೆಯ, ಸ್ವಂತ ಚಾಲಕನೊಬ್ಬನ ಲಾರಿಯೆಂದು ಭಾವಿಸಿಕೊಂಡು, ಚಾಸಿಯನ್ನೂ ಚಕ್ರಗಳನ್ನೂ ಮಾಸಲು ಮಾಡಿ, ಹೊಗೆಕೊಳವೆಗಳನ್ನು ಹೊಳೆಯಲು ಬಿಟ್ಟಿದ್ದೇನೆ. ಒಳಗೆ ಚಾಲಕನ ಗೊಂಬೆಯನ್ನು ಕೂರಿಸಿಲ್ಲ. ಮೆಟ್ಟಿಲಿನ ಸವೆತದಲ್ಲಿಯೂ ಕ್ರೋಮಿನ ಹೊಳಪಿನಲ್ಲಿಯೂ ಅವನಿದ್ದಾನೆ.

ರಾಜರ ರಥಗಳು ವರ್ಣನೆಗಳಲ್ಲಿ ಉಳಿದುಬರುತ್ತವೆ. ಸರಕು ಹೊತ್ತ ಗಾಡಿಗಳು ಗುಜರಿಗೆ ಹೋಗುತ್ತವೆ. ಅಪ್ಪಿತಪ್ಪಿ ಉಳಿದವನ್ನು ಭಕ್ತಿಯಿಂದಲೇ ತೊಳೆದು, ಹೊಸ ಬಣ್ಣ ಹೊಡೆದು ಪ್ರದರ್ಶನಕ್ಕೆ ನಿಲ್ಲಿಸುವವರುಂಟು. ಹೊಸ ಬಣ್ಣದ ಕೆಳಗೆ ಮುಚ್ಚಿಹೋಗುವುದು ಬರಿಯ ಕೊಳೆಯಲ್ಲ, ಮೂವತ್ತು ನಲವತ್ತು ವರ್ಷಗಳ ದುಡಿಮೆಯ ದಾಖಲೆ. ಆ ದಾಖಲೆಯನ್ನು ಒಂದು ಅಡಿಯ ಪ್ಲಾಸ್ಟಿಕ್ಕಿನ ಮೇಲೆ, ಕಾರಣ ವಿಚಾರಿಸಿ, ಅಳತೆ ತಪ್ಪದೆ ಬರೆದಿಡುವುದು ಹುಡುಗಾಟದ ಕೆಲಸವೆಂದು ನನಗೆ ತೋರುವುದಿಲ್ಲ.